ಖಾಲಿ ಜಾಗದವರು

ಕೋಮ್ ಒಂಬೋ ಊರಿನ ನದಿ ದಡದಲ್ಲಿ ಖೈರಿ ಭಾವನ ಲೈಸೆನ್ಸ್ ಕಿತ್ತುಕೊಂಡ ದಿನ ನಾನೂ ಅಲ್ಲೇ ಇದ್ದೆ. ಆಮೇಲೆ ಅಸ್ವಾನಿನ ಚಹಾದಂಗಡಿಗಳಲ್ಲಿ ಆ ಕಥೆಗೆ ಕೈಕಾಲು ಮೂಡಿ, ಭಾವ ಗೈಡನ್ನು ನೀರಿಗೆ ತಳ್ಳಿದನಂತೆ, ಪ್ರವಾಸಿಗರನ್ನು ಹೊತ್ತುಕೊಂಡು ಹೋದನಂತೆ ಎಂದೆಲ್ಲ ಆಯಿತು. ಯಾರೂ ಯಾರನ್ನೂ ತಳ್ಳಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಖೈರಿ ನನ್ನ ಅಕ್ಕ ಸಾದಿಯಾಳ ಗಂಡ. ಫೆಲೂಕಾ ನಡೆಸುವ ರಯ್ಯಿಸ್, ಅಂದರೆ ಹಾಯಿದೋಣಿಯ ಯಜಮಾನ. ಅವನ ದೋಣಿಯಲ್ಲಿ ಅಡುಗೆ ಮಾಡುವುದು, ಹಾಯಿ ಏರಿಸುವುದು, ಇಳಿಸುವುದು ನನ್ನ ಪಾಲು. ಆರೆಂಟು ಜನ ಪ್ರವಾಸಿಗರನ್ನು ಹತ್ತಿಸಿಕೊಂಡು ಅಸ್ವಾನಿನಿಂದ ಹೊರಟು, ಕೋಮ್ ಒಂಬೋ ದೇವಸ್ಥಾನ ತೋರಿಸಿ, ಎಡ್ಫು ದೇವಸ್ಥಾನದ ಹತ್ತಿರ ಇಳಿಸಿ ಬರುವುದು ನಮ್ಮ ಕಸುಬು. ತೋರಿಸುವುದು ಅಂದೆ, ತೋರಿಸುವವರು ನಿಜವಾಗಿ ಗೈಡುಗಳು. ಅವರು ಮೇಲೆ ಹೋಗಿ ದೇವರ ಕಥೆ ಹೇಳುವಾಗ ನಾವು ಕೆಳಗೆ ದೋಣಿ ಕಾಯುತ್ತ ಪಾತ್ರೆ ತಿಕ್ಕುತ್ತೇವೆ. ಮೂವತ್ತು ವರ್ಷ ಹಾಗೇ ನಡೆದಿತ್ತು.

ಭಾವ ಹುಟ್ಟಿದ್ದು ಅಸ್ವಾನಿನ ದಕ್ಷಿಣಕ್ಕೆ, ನದಿ ದಡದಲ್ಲಿದ್ದ ಹಳೆಯ ಕಲಾಬ್ಶ ಎಂಬ ಊರಿನಲ್ಲಿ. ಅಪ್ಪ ಅಲೆಕ್ಸಾಂಡ್ರಿಯಾದಲ್ಲಿ ಯಾರದೋ ಬಂಗಲೆಯ ಅಡುಗೆಯವನು, ಎರಡು ವರ್ಷಕ್ಕೊಮ್ಮೆ ಬಂದರೆ ಬಂದ. ಮನೆ, ಖರ್ಜೂರದ ಮರ, ಮೇಕೆ, ಮಕ್ಕಳು ಎಲ್ಲವನ್ನೂ ನೋಡಿಕೊಂಡವಳು ತಾಯಿ ದಹಬಾ. ಅವರ ಊರ ಮುಂದೆಯೇ ದೊಡ್ಡ ದೇವಸ್ಥಾನ. ಆದರೆ ಅದು ವರ್ಷದಲ್ಲಿ ಬಹುಪಾಲು ನೀರಿನಲ್ಲೇ ಮುಳುಗಿರುತ್ತಿತ್ತು. ಬ್ರಿಟಿಷರ ಕಾಲದ ಹಳೆಯ ಅಣೆಕಟ್ಟನ್ನು ಎತ್ತರಿಸಿದಾಗಲೆಲ್ಲ ನದಿ ಹಿಂದಕ್ಕೆ ಏರಿ, ಜನ ಮನೆ ಬಿಟ್ಟು ಗುಡ್ಡದ ಮೇಲೆ ಇನ್ನೊಂದು ಮನೆ ಕಟ್ಟಿಕೊಳ್ಳುತ್ತಿದ್ದರು. ದಹಬಾ ಅಮ್ಮನ ತಾಯಿಯ ಮನೆ ಒಂದು ಮಟ್ಟದಲ್ಲಿ, ಅಜ್ಜಿಯ ಮನೆ ಅದಕ್ಕಿಂತ ಕೆಳಗೆ, ನೀರೊಳಗೆ.

ಭಾವನಿಗೆ ಎಂಟು ವರ್ಷವಾಗಿದ್ದಾಗ, ಊರನ್ನೆಲ್ಲ ಪೂರ್ತಿ ಮುಳುಗಿಸಲಿದ್ದ ಹೊಸ ಅಣೆಕಟ್ಟಿನ ಕೆಲಸ ಶುರುವಾಗಿತ್ತು. ಆಗ ಜರ್ಮನಿಯಿಂದ ಇಂಜಿನಿಯರುಗಳು ಬಂದು ದೇವಸ್ಥಾನವನ್ನು ಬಿಚ್ಚಿದರು. ಹದಿಮೂರು ಸಾವಿರ ಕಲ್ಲು. ಒಂದೊಂದಕ್ಕೂ ನಂಬರು ಬರೆದರು. ಮೂಲೆ ಮುಕ್ಕಾಗದಂತೆ ಹಗ್ಗದ ಕೆಳಗೆ ಮೆತ್ತೆ ಇಟ್ಟು ಎತ್ತಿದರು, ದೋಣಿಗಳಲ್ಲಿ ಜೋಡಿಸಿ ಅಸ್ವಾನಿನ ಕಡೆಗೆ ಸಾಗಿಸಿದರು. ಜಗತ್ತೆಲ್ಲ ಚಂದಾ ಎತ್ತಿ ನಮ್ಮ ಕಡೆಯ ಕಲ್ಲುಗಳನ್ನು ಉಳಿಸಿತು. ತಪ್ಪೇನಿಲ್ಲ. ಕಲ್ಲು ಹೋದ ಮೇಲೆ ಜನರ ಸರದಿ ಬಂತು. ಅದಕ್ಕೆ ಮೆತ್ತೆ ಇರಲಿಲ್ಲ.

ಊರು ಬಿಡುವ ಹಿಂದಿನ ದಿನ ಹೆಂಗಸರು ಗೋರಿಗಳ ಮೇಲೆ ನೀರು ಚಿಮುಕಿಸಿ ಬಂದರು. ನಾಯಿಗಳನ್ನು ದಡದಲ್ಲೇ ಬಿಡಬೇಕೆಂದು ಹೇಳಿದ್ದರಿಂದ ಅವು ಜನರನ್ನು ಹೊತ್ತ ಹಡಗಿನ ಹಿಂದೆ ಬಹಳ ದೂರ ಓಡಿದವು. ಕೋಮ್ ಒಂಬೋದ ಆಚೆ, ನದಿ ಕಣ್ಣಿಗೂ ಕಾಣದಷ್ಟು ದೂರದಲ್ಲಿ, ಸಾಲಾಗಿ ಕಾಂಕ್ರೀಟು ಗೂಡುಗಳು. ಕೆಲವರಿಗೆ ಗೂಡೂ ಇಲ್ಲ, ಅಡಿಪಾಯದ ಗೆರೆ ತೋರಿಸಿ 'ಇದು ನಿಮ್ಮದು' ಎಂದರು. ಊರಿಗೆ ಮಾತ್ರ ಹಳೆಯ ಹೆಸರನ್ನೇ ಇಟ್ಟರು: ಕಲಾಬ್ಶ. ಆ ಮೊದಲ ವರ್ಷ ಕೆಟ್ಟ ನೀರು, ಬಿಸಿಲು, ಭೇದಿ. ಹಸುಗೂಸುಗಳು ಸತ್ತವು, ಒಂದರ ಹಿಂದೆ ಒಂದು. ಭಾವನ ತಂಗಿ ಫನ್ನಾ ಎರಡನೆಯ ತಿಂಗಳಲ್ಲೇ ಹೋದಳು. ಅವಳಿಗೆ ಒಂದೂವರೆ ವರ್ಷ.

ಹದಿನೇಳಕ್ಕೆ ಭಾವ 'ನನಗೆ ನದಿ ಬೇಕು' ಎಂದು ಮನೆ ಬಿಟ್ಟು ಅಸ್ವಾನಿಗೆ ಬಂದು ನಮ್ಮಪ್ಪನ ದೋಣಿ ಸೇರಿದ. ಅಪ್ಪನಿಂದ ಗಾಳಿ ಓದುವುದು ಕಲಿತ, ಅಕ್ಕನನ್ನು ಮದುವೆಯಾದ. ಮೊದಲು ಹೇಳಿದ್ದೆಲ್ಲ ನನಗೆ ಗೊತ್ತಾದದ್ದು ದಹಬಾ ಅಮ್ಮನ ಬಾಯಿಂದ. ಭಾವ ಆ ಬಗ್ಗೆ ಒಂದು ಮಾತೂ ಆಡಿದವನಲ್ಲ. ಯಾರಾದರೂ ಕೇಳಿದರೆ ಎದ್ದು ಹಗ್ಗ ಬಿಗಿಮಾಡಲು ಹೋಗುತ್ತಿದ್ದ.

ಆ ಸಲ ನಮ್ಮ ದೋಣಿಯಲ್ಲಿ ಆರು ಜನ ಪ್ರವಾಸಿಗರು. ಅವರ ಜೊತೆ ಕೈರೋದ ಒಂದು ಕಂಪನಿ ಕಳಿಸಿದ ಗೈಡು ಮಮ್ದೂಹ್. ಮೂವತ್ತೈದರ ಆಸುಪಾಸು, ಇಸ್ತ್ರಿ ಮುರಿಯದ ಅಂಗಿ, ಕೂರುವ ಮೊದಲು ಹಾಸಿಗೆಯನ್ನು ಕರವಸ್ತ್ರದಿಂದ ಒರೆಸುವ ಅಭ್ಯಾಸ. ನನ್ನ ಹೆಸರು ಕೇಳಲಿಲ್ಲ, 'ಚಹಾ' ಎಂದೇ ಕರೆಯುತ್ತಿದ್ದ. ಪ್ರವಾಸಿಗರಲ್ಲಿ ಒಬ್ಬಳು ಹಾಲೆಂಡಿನ ಹೆಂಡ್ರಿಕಾ. ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತಳಾದವಳು, ಎಪ್ಪತ್ತರ ಹತ್ತಿರ. ಮಡಿಲಲ್ಲಿ ನಕ್ಷೆ ಹರಡಿಕೊಂಡೇ ಕೂತಿದ್ದಳು.

ಹಿಂದಿನ ದಿನ ಮಮ್ದೂಹ್ ಅವರಿಗೆ ಅಣೆಕಟ್ಟಿನ ಪಕ್ಕದ ದ್ವೀಪದಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿರುವ ಕಲಾಬ್ಶ ದೇವಸ್ಥಾನ ತೋರಿಸಿದ್ದ. ದೋಣಿ ಹೊರಟು ಊಟದ ಹೊತ್ತಾದಾಗ ಅದೇ ಮಾತು ಮುಂದುವರಿಯಿತು. ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಹೆಂಡ್ರಿಕಾ ನಕ್ಷೆಯಲ್ಲಿ ಅಣೆಕಟ್ಟಿನ ಹಿಂದೆ ಹರಡಿದ್ದ ನೀಲಿ ಭಾಗದ ಮೇಲೆ ಬೆರಳಿಟ್ಟು ಕೇಳಿದಳು:

"ಇಷ್ಟು ಉದ್ದದ ಕೆರೆ ಆಯ್ತಲ್ಲ, ಇಲ್ಲಿದ್ದ ಜನ ಎಲ್ಲಿಗೆ ಹೋದ್ರು?"

"ಜನ ಎಲ್ಲಿ ಮೇಡಂ? ಅದೆಲ್ಲ ಖಾಲಿ ಜಾಗ," ಎಂದ ಮಮ್ದೂಹ್. "ಮರಳು, ಬಂಡೆ, ಈ ದೇವಸ್ಥಾನಗಳು, ಅಷ್ಟೇ. ಒಂದಿಷ್ಟು ಅಲೆಮಾರಿಗಳಿದ್ರು. ಅವರಿಗೆ ಹೊಸ ಮನೆ ಸಿಕ್ತು. ಲಾಭ ಆಗಿದ್ದೇ ಅವರಿಗೆ."

ನಮಗೆ ಇಂಗ್ಲಿಷು ಬರುವುದಿಲ್ಲ ಎಂದುಕೊಂಡಿದ್ದನೇನೋ. ಮೂವತ್ತು ವರ್ಷ ಅವರ ಹರಟೆ ಕೇಳಿದ ಕಿವಿಗಳು ನಮ್ಮವು. ನನ್ನ ಕೈಯ ಚಾಕು ನಿಂತಿತು. ಭಾವನ ಕಡೆ ನೋಡಿದೆ. ಅವನು ಎದ್ದು ಹಗ್ಗದ ಕಡೆ ಹೋಗಲಿಲ್ಲ. ಚುಕ್ಕಾಣಿ ಹಿಡಿದ ಕಡೆಯಿಂದಲೇ ಅರಬ್ಬಿಯಲ್ಲಿ ಕೇಳಿದ:

"ಉಸ್ತಾದ್, ಖಾಲಿ ಅಂತ ನಿಮಗೆ ಯಾರು ಹೇಳಿದ್ದು?"

"ರಯ್ಯಿಸ್, ನಿನ್ನ ಕೆಲಸ ನೀನು ನೋಡ್ಕೋ. ನಾನು ನಾಲ್ಕು ವರ್ಷ ಇದನ್ನೇ ಓದಿದೀನಿ."

"ದೇವಸ್ಥಾನದ ವಿಷಯ ಓದಿರ್ತೀರಿ. ನಾನು ಕೇಳಿದ್ದು ಜನರ ವಿಷಯ. ನಾನು ಆ ಖಾಲಿ ಜಾಗದಲ್ಲೇ ಹುಟ್ಟಿದ್ದು."

"ಆಯ್ತಪ್ಪ, ಹುಟ್ಟಿದೀಯ, ಸಂತೋಷ. ಈಗ ಏನ್ಮಾಡ್ಬೇಕು? ಇವರು ರಜಾ ಕಳೆಯೋಕೆ ಬಂದಿದಾರೆ, ನಿನ್ನ ಗೋಳು ಕೇಳೋಕಲ್ಲ."

ಹೆಂಡ್ರಿಕಾ ಇಬ್ಬರ ಮುಖವನ್ನೂ ನೋಡಿ, "ಏನಂತಾರೆ ಇವರು?" ಎಂದಳು.

"ಗಾಳಿ ಬಿದ್ದುಹೋಗಿದೆಯಂತೆ, ತಡ ಆಗುತ್ತಂತೆ," ಎಂದ ಮಮ್ದೂಹ್, ನಗುನಗುತ್ತಲೇ.

ನಮ್ಮ ತಲೆಯ ಮೇಲೆ ಹಾಯಿ ಗರ್ಭಿಣಿಯ ಹೊಟ್ಟೆಯ ಹಾಗೆ ಉಬ್ಬಿ ನಿಂತಿತ್ತು. ಆ ಸುಳ್ಳು ಕೇಳಿ ನನಗೇ ಮೈ ಉರಿಯಿತು. ಖಾಲಿ ಎಂದಿದ್ದಕ್ಕಿಂತ ಹೆಚ್ಚು ಉರಿಯಿತು. ಮನುಷ್ಯ ಎದುರಿಗೇ ಕೂತು ಬಾಯಿಬಿಟ್ಟು ಹೇಳಿದ್ದನ್ನು ಗಾಳಿ ಮಾಡಿಬಿಟ್ಟನಲ್ಲ!

ಭಾವ ಇಂಗ್ಲಿಷಿನಲ್ಲೇ ಶುರು ಮಾಡಿದ. ಅವನ ಇಂಗ್ಲಿಷು ಚಹಾ, ಊಟ, ಸ್ನಾನ, ಗಾಳಿ ಇಷ್ಟಕ್ಕೆ ಸಾಲುವಂಥದ್ದು. ಆದರೂ ಬಿಡಲಿಲ್ಲ.

"ಮೇಡಂ, ಗಾಳಿ ಚೆನ್ನಾಗಿದೆ. ನಾನು ಗಾಳಿ ಮಾತು ಆಡಲಿಲ್ಲ. ಅಲ್ಲಿ ಜನ ಇದ್ರು. ಬಹಳ ಜನ. ನಾನು ಇದ್ದೆ. ನಮ್ಮಮ್ಮ ಇದ್ಲು. ಊರು ಇತ್ತು, ಮಸೀದಿ ಇತ್ತು, ಖರ್ಜೂರ ಇತ್ತು. ಅಲೆಮಾರಿ ಅಲ್ಲ."

ಮಮ್ದೂಹ್ ಕಪ್ಪು ಕನ್ನಡಕ ತೆಗೆದು ಒರೆಸಿದ. ಮತ್ತೆ ಅರಬ್ಬಿಯಲ್ಲಿ, ಸಣ್ಣ ದನಿಯಲ್ಲಿ ಹೇಳಿದ: "ಕಂಪನಿಗೆ ಒಂದು ಮಾತು ಹೇಳಿದ್ರೆ ನಿನಗೆ ಇನ್ನೊಂದು ಟ್ರಿಪ್ ಸಿಗಲ್ಲ. ನೆನಪಿರಲಿ."

"ಹೇಳಿ," ಎಂದ ಭಾವ. "ಹೇಳೋವಾಗ ನಾನು ಹೇಳಿದ್ದನ್ನೇ ಹೇಳಿ. ಗಾಳಿ ಬಿತ್ತು ಅಂತ ಹೇಳ್ಬೇಡಿ."

ಆ ದಿನ ಮಾಡಿದ ಬೇಳೆ ಸಾರು ಹಾಗೇ ಉಳಿಯಿತು.

ಮರುದಿನ ನಡುಮಧ್ಯಾಹ್ನಕ್ಕೆ ಮುಂಚೆ ಕೋಮ್ ಒಂಬೋ ತಲುಪಿದೆವು. ದೇವಸ್ಥಾನ ದಡದ ಮೇಲೇ ನಿಂತಿದೆ. ಐದಾರು ಅಂತಸ್ತಿನ ಹಡಗುಗಳು ಘಾಟನ್ನೆಲ್ಲ ಹಿಡಿದುಕೊಂಡಿರುತ್ತವೆ, ನಮ್ಮಂಥವರು ಆಚೆ ಕೆಸರಿನಲ್ಲಿ ಕಟ್ಟಬೇಕು. ಮಮ್ದೂಹ್ ಎಲ್ಲರನ್ನೂ ಮೇಲೆ ಕರೆದುಕೊಂಡು ಹೋಗಿ, ಮೊಸಳೆ ದೇವರಿಗೆ ಒಂದು ಬಾಗಿಲು, ಗಿಡುಗ ದೇವರಿಗೆ ಒಂದು ಬಾಗಿಲು ಎಂದು ಕಥೆ ಹೇಳಿ ಕೆಳಗಿಳಿಸಿದ. ಎಡ್ಫುವಿಗೆ ಹೊರಡಲು ಇನ್ನೂ ಮೂರು ಗಂಟೆ ಬಿಡುವಿತ್ತು. ಭಾವ ದಡದಲ್ಲಿ ಕಾಯುತ್ತಿದ್ದ. ಕಾಲು ಮುಟ್ಟುವ ಹೊಸ ನಿಲುವಂಗಿ, ಗಲಾಬಿಯಾ, ತೊಟ್ಟಿದ್ದ, ತಲೆಗೆ ಬಿಳಿ ಪೇಟ ಸುತ್ತಿದ್ದ. ಅದನ್ನು ನೋಡಿದಾಗಲೇ ನನಗೆ ಹೆದರಿಕೆಯಾಯಿತು.

"ಇಲ್ಲಿಂದ ಅರ್ಧ ಗಂಟೆ ದಾರಿ. ನಮ್ಮೂರು," ಎಂದ ಪ್ರವಾಸಿಗರಿಗೆ. "ಖಾಲಿ ಜಾಗದವರು ಈಗ ಅಲ್ಲಿದಾರೆ. ನೋಡೋರು ಬನ್ನಿ. ಬೇಡ ಅನ್ನೋರು ಇಲ್ಲೇ ಇರಿ, ಶಾಜ್ಲಿ ಚಹಾ ಕೊಡ್ತಾನೆ."

ಶಾಜ್ಲಿ ಅಂದರೆ ನಾನು. "ಚಹಾ ಇಲ್ಲ, ನಾನೂ ಬರ್ತೀನಿ," ಎಂದೆ.

ಮಮ್ದೂಹ್ ಅಡ್ಡ ನಿಂತ. "ಕಾರ್ಯಕ್ರಮದಲ್ಲಿ ಇಲ್ಲ. ಪೊಲೀಸ್ ಅನುಮತಿ ಇಲ್ಲ. ಏನಾದ್ರೂ ಆದ್ರೆ ಯಾರು ಜವಾಬ್ದಾರಿ?"

"ನಾನೇ ಜವಾಬ್ದಾರಿ. ನನ್ನ ಕಾಲು, ನನ್ನ ರಜಾ," ಎಂದು ಹೆಂಡ್ರಿಕಾ ಚೀಲ ಹೆಗಲಿಗೇರಿಸಿದಳು. ಇನ್ನಿಬ್ಬರು, ಗಂಡ ಹೆಂಡತಿ, ಅವಳ ಹಿಂದೆ ಬಂದರು. ಉಳಿದ ಮೂವರು ಮಮ್ದೂಹ್ ಜೊತೆ ನಿಂತರು. ಊರಿನ ಕಡೆ ಹೋಗುವ ಪಿಕಪ್ಪಿನ ಹಿಂದೆ ಹತ್ತಿ ಹೊರಟೆವು. ಕಬ್ಬಿನ ಗದ್ದೆ ದಾಟಿದ ಮೇಲೆ ದಾರಿಯೆಲ್ಲ ಧೂಳು.

ದಹಬಾ ಅಮ್ಮ ಮನೆ ಮುಂದಿನ ಕಟ್ಟೆಯ ಮೇಲೆ ಕೂತಿದ್ದಳು. ಎಂಬತ್ತು ದಾಟಿತ್ತು, ಕಣ್ಣು ಮಂಜು, ನಾಲಿಗೆ ಮಾತ್ರ ಹರಿತ. ಕಾಂಕ್ರೀಟು ಗೋಡೆಗೆ ತಾನೇ ಮಣ್ಣು ಮೆತ್ತಿ ಬಣ್ಣದ ತಟ್ಟೆಗಳನ್ನು ಕೂರಿಸಿದ್ದಳು, ಹಳೆಯ ಊರಿನಲ್ಲಿ ಇದ್ದ ಹಾಗೆ.

"ಯಾರೋ ಇವರು? ಹೇಳದೆ ಕೇಳದೆ ಕರ್ಕೊಂಡು ಬಂದಿದೀಯಲ್ಲ, ಮನೇಲಿ ಸಕ್ಕರೆ ಇದೆಯೋ ಇಲ್ವೋ!"

"ಅಮ್ಮ, ಇವರು ನಮ್ಮ ದೇವಸ್ಥಾನ ನೋಡಿ ಬಂದಿದಾರೆ. ಅಲ್ಲಿ ಜನ ಇರ್ಲಿಲ್ಲ ಅಂತ ಇವರಿಗೆ ಯಾರೋ ಹೇಳಿದಾರೆ."

ಮುದುಕಿ ನಮ್ಮ ನೂಬಿಯನ್ ಭಾಷೆಯಲ್ಲಿ ಶುರು ಮಾಡಿದಳು. ಭಾವ ತನಗೆ ಬಂದ ಹಾಗೆ ಇಂಗ್ಲಿಷಿಗೆ ತಿರುಗಿಸುತ್ತ ಹೋದ.

"ಇರ್ಲಿಲ್ವಾ? ಹಾಗಾದ್ರೆ ಆ ಜರ್ಮನಿಯವರಿಗೆ ದಿನಾ ರೊಟ್ಟಿ ಸುಟ್ಟುಕೊಟ್ಟಿದ್ದು ಯಾರು, ದೆವ್ವಾನಾ? ಕಲ್ಲು ಎತ್ತೋದು ನಿಂತು ನೋಡಿದ್ದು ಯಾರು? ಒಂದು ಕಲ್ಲು ಜಾರಿ ಮೂಲೆ ಒಡೀತು ಅಂತ ಅವನೊಬ್ಬ ಇಂಜಿನಿಯರು ತಲೆ ಮೇಲೆ ಕೈ ಹೊತ್ತು ಕೂತಿದ್ದ. ನಾನೇ ನೀರು ಕೊಟ್ಟು ಸಮಾಧಾನ ಮಾಡಿದೆ. ಮುಂದಿನ ವರ್ಷ ನನ್ನ ಮಗು ಸತ್ತಾಗ ನೀರು ಕೊಡೋಕೆ ಒಬ್ಬನೂ ಬರ್ಲಿಲ್ಲ. ನೀರೇ ಇರ್ಲಿಲ್ಲ ಇಲ್ಲಿ!"

ಭಾವ ಕೊನೆಯ ಮಾತನ್ನು ತಿರುಗಿಸಲಿಲ್ಲ. ಹೆಂಡ್ರಿಕಾ ನನ್ನ ಕಡೆ ತಿರುಗಿದಳು. ನಾನು ಹೇಳಿದೆ.

"ನೀವೆಲ್ಲ ಸಮುದ್ರ ದಾಟಿ ಬಂದು ಆ ಕಲ್ಲು ನೋಡ್ತೀರಿ," ಎಂದಳು ದಹಬಾ ಅಮ್ಮ. "ಹೊಸ ಜಾಗದಲ್ಲಿ ಅದು ಹೇಗಿದೆ ಅಂತ ನಾನಿನ್ನೂ ನೋಡಿಲ್ಲ. ಇವನು ನದಿ ಮೇಲೇ ಇರ್ತಾನೆ, ಇವನೂ ಕರ್ಕೊಂಡು ಹೋಗಿಲ್ಲ." ಮಗನ ಕಡೆ ಕೈ ಬೀಸಿದಳು. "ಕೂತ್ಕೊಳ್ಳಿ, ಕರ್ಕದೆ ಹೂವಿನ ಪಾನಕ ಕುಡೀರಿ. ಸಕ್ಕರೆ ಕಡಿಮೆ ಇರುತ್ತೆ."

ಹಿಂದಿರುಗುವಾಗ ಭಾವ ಊರ ಅಂಚಿನಲ್ಲಿ ಗಾಡಿ ನಿಲ್ಲಿಸಿದ. ಮಕ್ಕಳ ಸ್ಮಶಾನ. ಮೊಣಕೈ ಉದ್ದದ ದಿಬ್ಬಗಳು, ಹತ್ತಿರ ಹತ್ತಿರ, ಎಣಿಸಲು ಮನಸ್ಸಾಗದಷ್ಟು. ಎಲ್ಲವೂ ಹೆಚ್ಚುಕಡಿಮೆ ಒಂದೇ ವರ್ಷದವು. ಹೆಸರಿನ ಫಲಕ ಒಂದಕ್ಕೂ ಇಲ್ಲ. ಫನ್ನಾ ಯಾವುದರ ಕೆಳಗಿದ್ದಾಳೆ ಎಂದು ಭಾವನಿಗೂ ಗೊತ್ತಿಲ್ಲ, ಈ ಸಾಲಿನಲ್ಲಿ ಎಲ್ಲೋ ಎಂದು ಕೈ ತೋರಿಸಿದ. ಆ ಗಂಡ ಹೆಂಡತಿ ಕ್ಯಾಮೆರಾ ತೆಗೆದವರು ಮತ್ತೆ ಒಳಗಿಟ್ಟರು.

ಘಾಟಿಗೆ ಬಂದರೆ ಪ್ರವಾಸಿ ಪೊಲೀಸರು ನಿಂತಿದ್ದರು. ಮಮ್ದೂಹ್ ದೂರು ಕೊಟ್ಟಾಗಿತ್ತು. ಅಧಿಕಾರಿ ಹೊಸಬ, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಭಾವ ಅವನಿಗೆ ತಂದೆಯ ವಯಸ್ಸಿನವನು.

"ವಿದೇಶಿಯರನ್ನ ಎಲ್ಲಿಗೆ ಎಳ್ಕೊಂಡು ಹೋಗಿದ್ದೆ?"

"ನಮ್ಮನೆಗೆ, ಪಾಷಾ."

"ಅವರಿಗೆ ಏನಾದ್ರೂ ಆಗಿದ್ರೆ?"

"ನಮ್ಮಮ್ಮ ಬೈತಾಳೆ, ಅಷ್ಟೇ ಆಗೋದು. ಬೈಸ್ಕೊಂಡು ಬಂದಿದಾರೆ."

ನಗು ಬರಬೇಕಾದ ಮಾತು. ಯಾರೂ ನಗಲಿಲ್ಲ. ಹೆಂಡ್ರಿಕಾ ಮುಂದೆ ಬಂದು ತಾನಾಗಿಯೇ ಹೋದೆ, ಯಾರೂ ಎಳೆದುಕೊಂಡು ಹೋಗಲಿಲ್ಲ ಎಂದು ಮತ್ತೆ ಮತ್ತೆ ಹೇಳಿದಳು. "ಎಲ್ಲ ನಿಮ್ಮ ಸುರಕ್ಷತೆಗೇ ಮೇಡಂ," ಎಂದು ಅವಳನ್ನು ಬಸ್ಸಿಗೆ ಹತ್ತಿಸಿದರು. ಆರೂ ಜನರನ್ನು ರಸ್ತೆಯ ಮೇಲೆ ಎಡ್ಫುವಿಗೆ ಕಳಿಸಿಬಿಟ್ಟರು. ಭಾವನ ಲೈಸೆನ್ಸನ್ನು ಅಧಿಕಾರಿ ಜೇಬಿಗಿಳಿಸಿದ. ಹೊರಡುವಾಗ ಮಮ್ದೂಹ್ ನನ್ನ ಹತ್ತಿರ ಬಂದು, "ನಾನು ಇಷ್ಟು ದೂರ ಹೋಗುತ್ತೆ ಅಂದ್ಕೊಂಡಿರ್ಲಿಲ್ಲ," ಎಂದ. ಆಗಲೂ ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ.

ಖಾಲಿ ದೋಣಿಯನ್ನು ನಾವಿಬ್ಬರೇ ಪ್ರವಾಹಕ್ಕೆ ಎದುರಾಗಿ ಅಸ್ವಾನಿಗೆ ತಂದೆವು. ದಾರಿಯುದ್ದಕ್ಕೂ ಬೈದವನು ನಾನು. "ಭಾವ, ಮೂವತ್ತು ವರ್ಷ ಬಾಯಿ ಮುಚ್ಕೊಂಡಿದ್ದೋನು ಇನ್ನೊಂದು ದಿನ ಮುಚ್ಕೋಬಾರ್ದಿತ್ತಾ? ಚಳಿಗಾಲದ ಸಂಪಾದನೆಯೆಲ್ಲ ಹೋಯ್ತಲ್ಲ!"

"ಮೂವತ್ತು ವರ್ಷ ಮುಚ್ಕೊಂಡಿದ್ದಕ್ಕೇ ಅಲ್ವೇನೋ ಖಾಲಿ ಅನ್ನೋಷ್ಟು ಧೈರ್ಯ ಬಂದಿದ್ದು?" ಎಂದ.

ಮೂರು ವಾರ ಬಿಟ್ಟು ಲೈಸೆನ್ಸ್ ಕೊಡುವ ಕಚೇರಿಯಿಂದ ಕರೆ ಬಂತು. ನಾನೂ ಜೊತೆಗೆ ಹೋದೆ. ಗುಮಾಸ್ತ ಹೇಳಿಕೆಯನ್ನು ಮೊದಲೇ ಟೈಪ್ ಮಾಡಿಟ್ಟಿದ್ದ. 'ನಾನು ಪ್ರವಾಸಿಗರನ್ನು ಕಾರ್ಯಕ್ರಮದಲ್ಲಿಲ್ಲದ ಒಂದು ಹೆಸರಿಲ್ಲದ ಸ್ಥಳಕ್ಕೆ ಕರೆದೊಯ್ದೆನು' ಎಂದಿತ್ತು. ಸಹಿ ಹಾಕಿದರೆ ನಾಲ್ಕು ತಿಂಗಳು ಅಮಾನತು, ಹಾಕದಿದ್ದರೆ ಲೈಸೆನ್ಸೇ ರದ್ದು. ಭಾವ ಎರಡು ಸಲ ಓದಿಸಿಕೊಂಡು ಪೆನ್ನು ಕೆಳಗಿಟ್ಟ.

"ಇದಕ್ಕೆ ಸಹಿ ಹಾಕಲ್ಲ."

"ಯಾಕೆ, ಕರ್ಕೊಂಡು ಹೋಗಿಲ್ವಾ?"

"ಹೋಗಿದೀನಿ. ಆದ್ರೆ ಹೆಸರಿಲ್ಲದ ಜಾಗಕ್ಕಲ್ಲ. ಅದಕ್ಕೆ ಹೆಸರಿದೆ. ಬರೀರಿ, ಹಾಕ್ತೀನಿ."

"ಅಯ್ಯೋ ಮಾರಾಯಾ, ಹೆಸರು ಬರೆದ್ರೆ ಶಿಕ್ಷೆ ಕಡಿಮೆ ಆಗಲ್ಲ."

"ಕಡಿಮೆ ಮಾಡಿ ಅಂತ ಕೇಳಿದ್ನಾ ನಾನು?"

ಗುಮಾಸ್ತ ಒಳಗೆ ಹೋದ, ಬಂದ, ಮತ್ತೆ ಹೋದ. ಒಳಗಿನ ಸಾಹೇಬರು ನಮ್ಮ ಕಡೆ ಒಂದು ಸಲ ಇಣುಕಿ ಬಾಗಿಲು ಹಾಕಿಕೊಂಡರು. ನಾವು ಬೆಂಚಿನ ಮೇಲೆ ಕೂತೆವು. ನಮಾಜಿನ ಹೊತ್ತು ಬಂತು, ಎದ್ದು ಮುಗಿಸಿ ಬಂದು ಮತ್ತೆ ಕೂತೆವು. ಊಟಕ್ಕೆ ಹೋಗುವ ಅವಸರವೋ ಏನೋ, ಕೊನೆಗೆ ಗುಮಾಸ್ತ ರಪ್ಪನೆ ಕಾಗದ ಎಳೆದುಕೊಂಡು 'ಹೆಸರಿಲ್ಲದ ಸ್ಥಳ' ಎಂಬ ಎರಡು ಪದ ಹೊಡೆದುಹಾಕಿ ಕೈಯಲ್ಲೇ 'ಕಲಾಬ್ಶ' ಎಂದು ಬರೆದ. ಭಾವ ಅಕ್ಷರ ಅಕ್ಷರವಾಗಿ ನೋಡಿ ಸಹಿ ಹಾಕಿದ.

ನಾಲ್ಕು ತಿಂಗಳು ಅಂದರೆ ಇಡೀ ಹಂಗಾಮು. ಭಾವ ಬೇರೆಯವರ ದೋಣಿಗಳ ಬಿರುಕಿಗೆ ನಾರು ತುಂಬಿದ, ಹಾಯಿ ಹೊಲಿದ. ಸಾದಿಯಾ ಅಕ್ಕ ಮಣಿಸರ ಪೋಣಿಸಿ ಸಂತೆಗೆ ಕೊಟ್ಟಳು. ಚಹಾದಂಗಡಿಯಲ್ಲಿ ಕೆಲವರು ಭಾವನ ಬೆನ್ನು ತಟ್ಟಿದರು, ಕೆಲವರು 'ಹೋಗಿ ಹೋಗಿ ಗೈಡಿನ ಜೊತೆ ಜಗಳ ಆಡಿದೆಯಲ್ಲ' ಎಂದು ಮೂತಿ ತಿರುಗಿಸಿದರು. ಬೆನ್ನು ತಟ್ಟಿದವರಲ್ಲಿ ಒಬ್ಬನೂ ಕಚೇರಿಗೆ ಜೊತೆಗೆ ಬಂದಿರಲಿಲ್ಲ.

ಆ ಬಿಡುವಿನಲ್ಲಿ ಅವನು ತಾಯಿಯನ್ನು ದ್ವೀಪದ ದೇವಸ್ಥಾನಕ್ಕೆ ಕರೆದುಕೊಂಡು ಹೋದ. ನಾವು ಮೂವರು, ಒಂದು ಮೋಟಾರು ದೋಣಿ. ಮೆಟ್ಟಿಲ ಹತ್ತಿರ ಕಾವಲಿನವನು ಟಿಕೆಟ್ ಕೇಳಿದ.

"ಏನು ಟಿಕೆಟ್?" ಎಂದಳು ದಹಬಾ ಅಮ್ಮ. "ನನ್ನ ಮನೆ ಮುಂದೆ ಇದ್ದದ್ದನ್ನ ಹೊತ್ಕೊಂಡು ಬಂದು ಇಲ್ಲಿಟ್ಟು, ನನ್ನನ್ನೇ ಟಿಕೆಟ್ ಕೇಳ್ತೀಯಾ? ನೀನು ಯಾರ ಮಗನೋ?"

ಅವನೂ ನಮ್ಮವನೇ, ನಮ್ಮ ಹಾಗೇ ಮುಳುಗಿದ ದಹ್ಮೀತ್ ಊರಿನ ಕಡೆಯವನು. ತಲೆ ತಗ್ಗಿಸಿ ದಾರಿ ಬಿಟ್ಟ. ಮುದುಕಿ ಒಳಗೆ ಹೋಗಿ ಗೋಡೆಯುದ್ದಕ್ಕೂ ಅಂಗೈ ಸವರುತ್ತ ನಡೆದಳು. ಒಂದು ಕಡೆ ನಿಂತು, ಬೆರಳುಗಳನ್ನು ಉಜ್ಜಿ ನೋಡಿ, "ಎಷ್ಟು ಒಣಗಿದೆ ಇದು!" ಎಂದಳು. "ನಾನು ಯಾವತ್ತೂ ಇದನ್ನ ಒಣಗಿ ನೋಡಿಲ್ಲ. ನೀರು ಇಳಿದ ಮೇಲೂ ಕೆಸರು ಸುರೀತಾ ಇರ್ತಿತ್ತು. ಎಷ್ಟು ಚೆನ್ನಾಗಿ ಇಟ್ಕೊಂಡಿದಾರೆ ನೋಡೋ ಖೈರಿ. ಇಷ್ಟು ಚೆನ್ನಾಗಿ ಇಟ್ಕೊಳ್ಳೋದು ಬರುತ್ತೆ ಇವರಿಗೆ, ನೋಡು!" ಅದು ಹೊಗಳಿಕೆ ಅಲ್ಲ. ಹೊರಗೆ ಬಂದವಳು ನೆರಳಿನಲ್ಲಿ ಕೂತು, ತಂದಿದ್ದ ರೊಟ್ಟಿ ಬಿಚ್ಚಿ, ಕಾವಲಿನವನಿಗೂ ಒಂದು ಕೊಟ್ಟಳು. ಮುಂದಿನ ರಮದಾನ್‌ಗೆ ಮುಂಚೆ ತೀರಿಕೊಂಡಳು.

ಆ ಕಂಪನಿ ಮತ್ತೆ ನಮಗೆ ಕೆಲಸ ಕೊಡಲಿಲ್ಲ. ಮಮ್ದೂಹನನ್ನು ಆಮೇಲೆ ಒಂದೆರಡು ಸಲ ದೊಡ್ಡ ಹಡಗಿನ ಮೇಲೆ ಕಂಡೆ, ಅವನು ಆ ಕಡೆ ತಿರುಗಿಕೊಂಡ. ಹೆಂಡ್ರಿಕಾ ಒಂದು ಕಾಗದ ಬರೆದಿದ್ದಳು. ಮಮ್ದೂಹ್ ಹೇಳಿದ್ದು ಸುಳ್ಳು ಎಂದು ಕಂಪನಿಗೆ ಬರೆದೆ, ಉತ್ತರ ಬರಲಿಲ್ಲ ಎಂದಿತ್ತು ಅದರಲ್ಲಿ. ಈಗ ನಮ್ಮ ದೋಣಿಗೆ ಬರುವವರು ಕಡಿಮೆ, ಬಂದವರಿಗೆ ಭಾವ ತಾನೇ ಹೇಳುತ್ತಾನೆ, ಕೇಳಲಿ ಬಿಡಲಿ. ಇಂಗ್ಲಿಷು ಮೊದಲಿಗಿಂತ ಸುಧಾರಿಸಿದೆ.

ಊರು ಮುಳುಗಿಸಿದ ಆ ಕೆರೆಯ ದಡದಲ್ಲಾದರೂ ನಮ್ಮವರಿಗೆ ಜಾಗ ಕೊಡಿ ಎಂದು ಅರ್ಜಿ ಹಿಡಿದವರ ಸಭೆಗಳು ಅಸ್ವಾನಿನಲ್ಲಿ ಆಗಾಗ ನಡೆಯುತ್ತವೆ. ಭಾವ ಒಂದನ್ನೂ ತಪ್ಪಿಸುವುದಿಲ್ಲ. ಕಳೆದ ವಾರವೂ ಹೋಗಿದ್ದ. ಬರಬೇಕಾಗಿದ್ದ ಅಧಿಕಾರಿ ಬಂದಿರಲಿಲ್ಲವಂತೆ. ಮನೆಗೆ ಬಂದು ಬೆಂಡೆಕಾಯಿ ಪಲ್ಯದ ಮುಂದೆ ಕೂತವನು ಒಂದು ತುತ್ತೂ ಎತ್ತಲಿಲ್ಲ.

"ಊಟ ಮಾಡು, ಅವರ ಮೇಲಿನ ಸಿಟ್ಟನ್ನ ನನ್ನ ಅಡುಗೆ ಮೇಲೆ ತೋರಿಸ್ಬೇಡ," ಎಂದಳು ಅಕ್ಕ.

"ಮುಂದಿನ ಸಭೆ ಮಂಗಳವಾರ," ಎಂದ ಭಾವ. "ಶಾಜ್ಲಿ, ನೀನೂ ಬರ್ಬೇಕು."

ಹೋಗುತ್ತೇನೆ.